ಅಗಸ್ತ್ಯ ನಕ್ಷತ್ರವನ್ನು ಗುರುತಿಸುವುದು ಹೇಗೆ?

ವಿಂಧ್ಯವನ್ನು ಬಾಗಿಸಿ ದಕ್ಷಿಣಕ್ಕೆ ಬಂದ ಅಗಸ್ತ್ಯರು ಮರಳಿ ಉತ್ತರಕ್ಕೆ ಹೋಗಲೇ ಇಲ್ಲ ಎನ್ನುತ್ತದೆ ಪುರಾಣ. ಅವರ ಹೆಸರಿನ ನಕ್ಷತ್ರವೂ ಹಾಗೆಯೇ: ದೆಹಲಿಯಲ್ಲಿ ದಿಗಂತದಿಂದ 9 ಡಿಗ್ರಿಯೂ ಮೇಲೇರದು, ಬೆಂಗಳೂರಿನಲ್ಲಿ 24 ಡಿಗ್ರಿ ಏರುತ್ತದೆ. ಇರುಳಿನ ನಕ್ಷತ್ರಗಳಲ್ಲಿ ಹೊಳಪಿನಲ್ಲಿ ಲುಬ್ಧಕದ (ಸಿರಿಯಸ್) ನಂತರದ ಸ್ಥಾನ ಇದಕ್ಕೇ.

ಹೊಸಬರು ಫೆಬ್ರವರಿಯಲ್ಲೇ ಶುರುಮಾಡಿ. ತಿಂಗಳ ನಡುವಿನಲ್ಲಿ ರಾತ್ರಿ 9ರ ಸುಮಾರಿಗೆ ಅಗಸ್ತ್ಯ ನೇರ ದಕ್ಷಿಣದಲ್ಲಿ, ತನ್ನ ಗರಿಷ್ಠ ಎತ್ತರದಲ್ಲಿರುತ್ತದೆ. ಜನವರಿ ನಡುವಿನಲ್ಲಾದರೆ 11 ಗಂಟೆ, ಮಾರ್ಚ್ ನಡುವಿನಲ್ಲಿ 7. ದಕ್ಷಿಣಕ್ಕೆ ಮನೆ, ತೆಂಗಿನ ಮರ ಅಡ್ಡ ಬರದ ಮಾಳಿಗೆಯೋ ಹೊಲದ ಬದುವೋ ಸಾಕು.

ಮೊದಲು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ನಡುಪಟ್ಟಿಯ ಮೂರು ನಕ್ಷತ್ರಗಳನ್ನು ಹಿಡಿಯಿರಿ. ಆ ಗೆರೆಯನ್ನು ಆಗ್ನೇಯದ ಕಡೆ ಎಳೆದರೆ ಲುಬ್ಧಕ. ಈಗ ತೋಳು ಪೂರ್ತಿ ಚಾಚಿ, ಹೆಬ್ಬೆರಳಿನ ಬದಿ ಮೇಲಿರುವಂತೆ ಮುಷ್ಟಿ ಕಟ್ಟಿ. ಒಂದು ಮುಷ್ಟಿಯೆಂದರೆ ಸುಮಾರು 10 ಡಿಗ್ರಿ. ಲುಬ್ಧಕದಿಂದ ಕೆಳಕ್ಕೆ ಮೂರೂವರೆ ಮುಷ್ಟಿ ಇಳಿದು, ತುಸು ಬಲಕ್ಕೆ ನೋಡಿ. ಅಲ್ಲಿ ಒಂಟಿಯಾಗಿ ಉರಿಯುವುದೇ ಅಗಸ್ತ್ಯ. ಮೊಣಕೈ ಮಡಿಸಿದರೆ ಮುಷ್ಟಿ ಕಣ್ಣಿಗೆ ದೊಡ್ಡದಾಗಿ, ಅಳತೆ ಇನ್ನೂ ಕೆಳಕ್ಕೆ ಹೋಗಿಬಿಡುತ್ತದೆ.

ಜನವರಿಯ ಸಂಜೆ ದಕ್ಷಿಣಕ್ಕೂ ನೈಋತ್ಯಕ್ಕೂ ನಡುವೆ ಇನ್ನೊಂದು ಒಂಟಿ ನಕ್ಷತ್ರ ಕಾಣುತ್ತದೆ. ಅದು ಅಕರ್ನಾರ್, ನೀಲಿ ಛಾಯೆಯದು, ಹೊಳಪೂ ಕಡಿಮೆ. ಅಗಸ್ತ್ಯವೇ ದಿಗಂತದ ಹತ್ತಿರ ಇರುವಾಗ ಕೆಂಪು ಹಸಿರಾಗಿ ಮಿನುಗುವುದುಂಟು. ದಟ್ಟವಾದ, ಕದಲುವ ಗಾಳಿಯ ಪದರ ಬೆಳಕಿನ ಬಣ್ಣಗಳನ್ನು ಬೇರೆಬೇರೆಯಾಗಿ ಬಾಗಿಸುವುದರಿಂದ ಹಾಗೆ. ವಿಮಾನದ ದೀಪವೆಂದು ಬಿಟ್ಟುಬಿಡಬೇಡಿ, ಐದು ನಿಮಿಷ ನೋಡಿ: ವಿಮಾನವಾದರೆ ಅಷ್ಟರಲ್ಲಿ ಸರಿದುಹೋಗಿರುತ್ತದೆ.

ಸಿಕ್ಕಿತೆಂದರೆ ಒಂದು ಲೆಕ್ಕ ಮಾಡಲೇಬೇಕು. ಅದು ನೇರ ದಕ್ಷಿಣದಲ್ಲಿದ್ದಾಗ ದಿಗಂತದಿಂದ ಎಷ್ಟು ಎತ್ತರವೆಂದು ಅಳೆದು, 37.3ರಿಂದ ಕಳೆಯಿರಿ. ಬರುವ ಉತ್ತರವೇ ನಿಮ್ಮ ಊರಿನ ಅಕ್ಷಾಂಶ. ಬೆಂಗಳೂರಿಗೆ 13, ಬೀದರಿಗೆ ಸುಮಾರು 18. ಮುಷ್ಟಿಯ ಅಳತೆಯಲ್ಲಿ ಎರಡು ಮೂರು ಡಿಗ್ರಿ ಹೆಚ್ಚುಕಡಿಮೆಯಾಗುವುದು ಸಹಜ.

ಜೂನ್, ಜುಲೈನಲ್ಲಿ ಸೂರ್ಯನ ಬೆಳಕಿನಿಂದಾಗಿ ಹುಡುಕಿದರೂ ಸಿಗದು. ಆಗಸ್ಟ್‌ನಲ್ಲಿ ನಸುಕಿಗೆ ಆಗ್ನೇಯಕ್ಕೂ ದಕ್ಷಿಣಕ್ಕೂ ನಡುವೆ ಮತ್ತೆ ಮೂಡುತ್ತದೆ. ಇದೇ ಅಗಸ್ತ್ಯೋದಯ, ಮಳೆಗಾಲದ ಕದಡಿದ ನೀರು ಇದರಿಂದ ತಿಳಿಯಾಗುತ್ತದೆಂಬ ನಂಬಿಕೆ ಕಾಳಿದಾಸನ ಕಾವ್ಯದಲ್ಲೂ ಇದೆ. ಅರ್ಘ್ಯ ಕೊಡುವವರು ಕಾಯುವುದೂ ಈ ಉದಯಕ್ಕೇ. ಮಲೆನಾಡು, ಕರಾವಳಿಯವರು ಮಾತ್ರ ಮೋಡ ಸರಿಯುವವರೆಗೆ ಕಾಯಬೇಕು.