ಬಾಲಿಯಿಂದ ಪೂರ್ವಕ್ಕೆ: ಬಸ್ಸು, ಫೆರ್ರಿ ಹಿಡಿದು ಫ್ಲೋರೆಸ್ ದಾಟುವುದು ಹೇಗೆ?

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಬಂದ ಮೇಲೆ ಅಲ್ಲಿಗೆ ಹೋಗುವುದು ಸುಲಭವಾಗಿದೆ. ಹೋದವರಲ್ಲಿ ಹೆಚ್ಚಿನವರು ಬಾಲಿ ನೋಡಿಕೊಂಡು ವಾಪಸ್ ಬರುತ್ತಾರೆ. ಆದರೆ ಅದರ ಪೂರ್ವಕ್ಕೆ ಲೊಂಬೊಕ್, ಸುಂಬಾವಾ, ಫ್ಲೋರೆಸ್ ಅಂತ ದ್ವೀಪಗಳು ಸಾಲಾಗಿವೆ. ಇಂಡೊನೇಷ್ಯಾದವರು ಈ ಸಾಲನ್ನು ನುಸಾ ತೆಂಗಾರಾ ಎನ್ನುತ್ತಾರೆ. ಅಲ್ಲಿನ ಜನ ದಿನಾ ಓಡಾಡುವ ಬಸ್ಸು, ಫೆರ್ರಿಗಳಲ್ಲೇ ಈ ಸಾಲಿನುದ್ದಕ್ಕೂ ಹೋಗಬಹುದು. ಸಮುದ್ರ ದಾಟಬೇಕಾದದ್ದು ಮೂರು ಕಡೆ, ಉಳಿದದ್ದೆಲ್ಲ ರಸ್ತೆ. ಮೂರು ವಾರ ರಜೆ ಸಿಕ್ಕರೆ ಆರಾಮಾಗಿ ಮುಗಿಸಬಹುದು. ಎರಡು ವಾರದಲ್ಲೂ ಆಗುತ್ತದೆ, ಆದರೆ ಎಲ್ಲೂ ಕೂರಲು ಪುರುಸೊತ್ತಿರುವುದಿಲ್ಲ.

ಮೊದಲು ತಿಂಗಳು ನೋಡಿ

ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಇಲ್ಲಿ ಒಣಹವೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಳೆ, ಜೊತೆಗೆ ಪಶ್ಚಿಮದ ಗಾಳಿ. ಅಲೆ ಎದ್ದರೆ ಬಂದರಿನ ಅಧಿಕಾರಿಗಳು ಫೆರ್ರಿ ನಿಲ್ಲಿಸುತ್ತಾರೆ. ಕೆಲವು ಸಲ ಅದು ಒಂದು ದಿನಕ್ಕೆ ಮುಗಿಯುವುದಿಲ್ಲ. ಅಂಥ ತಿಂಗಳುಗಳಲ್ಲಿ ಹೋಗಲೇಬೇಡಿ ಅಂತ ನಾನು ಹೇಳುತ್ತೇನೆ. ಒಣಹವೆಯಲ್ಲೂ ಸಮುದ್ರ ದಾಟುವ ಪ್ರತಿ ದಿನದ ಪಕ್ಕ ಇನ್ನೊಂದು ದಿನ ಖಾಲಿ ಬಿಡಿ. ಯೋಜನೆ ಹಾಕುವಾಗ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಖಾಲಿ ದಿನ ಕೈಯಲ್ಲಿದ್ದರೆ ತಡವಾದ ಹಡಗನ್ನು ನೆಮ್ಮದಿಯಿಂದ ಕಾಯಬಹುದು.

ಮಾರ್ಚ್ ಹೊತ್ತಿಗೆ ಬರುವ ಬಾಲಿಯ ಹೊಸವರ್ಷ ನ್ಯೆಪಿಯ ದಿನ ವಿಮಾನ ನಿಲ್ದಾಣ, ಬಂದರು ಎರಡೂ ಪೂರ್ತಿ ಬಂದ್. ಆ ದಿನಾಂಕವನ್ನು ಮೊದಲೇ ನೋಡಿಟ್ಟುಕೊಳ್ಳಿ.

ಭಾರತೀಯರಿಗೆ ವಿಮಾನ ನಿಲ್ದಾಣದಲ್ಲೇ ವೀಸಾ ಸಿಗುತ್ತದೆ. ಶುಲ್ಕ 5 ಲಕ್ಷ ಇಂಡೊನೇಷ್ಯಾ ರೂಪಾಯಿ, ಅವಧಿ 30 ದಿನ, ಒಂದು ಸಲ ವಿಸ್ತರಿಸಬಹುದು. ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ತೆಗೆದರೆ ಕ್ಯೂ ತಪ್ಪುತ್ತದೆ. ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಬಾಕಿ ಇರಬೇಕು. ಬಾಲಿಗೆ ಬರುವ ವಿದೇಶಿಯರು 2024ರ ಫೆಬ್ರವರಿಯಿಂದ ಬೇರೆಯಾಗಿ 1.5 ಲಕ್ಷ ರೂಪಾಯಿ ಪ್ರವಾಸಿ ಶುಲ್ಕ ಕಟ್ಟಬೇಕು. ಸೊನ್ನೆ ನೋಡಿ ಗಾಬರಿ ಬೇಡ, ಅಲ್ಲಿನ ಅತಿ ದೊಡ್ಡ ನೋಟೇ ಒಂದು ಲಕ್ಷದ್ದು.

ಬಾಲಿಯಿಂದ ಲೊಂಬೊಕ್‌ಗೆ

ಬಾಲಿಯ ಪೂರ್ವ ದಂಡೆಯ ಪದಂಗ್‌ಬಾಯ್ ಬಂದರಿನಿಂದ ಲೊಂಬೊಕ್‌ನ ಲೆಂಬಾರ್‌ಗೆ ಹಗಲೂ ರಾತ್ರಿ ಫೆರ್ರಿ ಇದೆ. ಪ್ರಯಾಣ ನಾಲ್ಕೈದು ಗಂಟೆ. ಸ್ಪೀಡ್‌ಬೋಟ್ ಇದಕ್ಕಿಂತ ಬೇಗ ಮುಟ್ಟಿಸುತ್ತದೆ ನಿಜ, ಆದರೆ ದರ ಜಾಸ್ತಿ, ಅಲೆಯ ಹೊಡೆತವೂ ಜಾಸ್ತಿ. ನಾನಾದರೆ ದೊಡ್ಡ ಫೆರ್ರಿಯನ್ನೇ ಹಿಡಿಯುತ್ತೇನೆ. ದಾರಿಯಲ್ಲಿ ಯಾರಾದರೂ ಟಿಕೆಟ್ ಕೊಡಿಸುತ್ತೇನೆ ಅಂದರೆ ನಕ್ಕು ಮುಂದೆ ಹೋಗಿ, ಕೌಂಟರ್‌ನಲ್ಲೇ ಪಾಸ್‌ಪೋರ್ಟ್ ತೋರಿಸಿ ತೆಗೆದುಕೊಳ್ಳಿ.

ಫೆರ್ರಿಯ ಕೆಳ ಅಂತಸ್ತಿನಲ್ಲಿ ಲಾರಿ, ಬಸ್ಸು, ಬೈಕುಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ. ಅಲ್ಲಿ ಡೀಸೆಲ್ ವಾಸನೆ, ಸೆಕೆ. ಚೀಲ ಬೆನ್ನಿಗೇರಿಸಿಕೊಂಡು ಸೀದಾ ಮೇಲೆ ಹತ್ತಿ. ಹಡಗು ಬಿಡುವ ಮುಂಚೆ ಹೆಂಗಸರು ಬುಟ್ಟಿ ಹೊತ್ತು ಬರುತ್ತಾರೆ. ಕಂದು ಕಾಗದದಲ್ಲಿ ಕಟ್ಟಿದ ಅನ್ನ, ಅದರೊಳಗೆ ಮೊಟ್ಟೆಯೋ ಮೀನೋ, ಒಂದು ಚಮಚ ಕೆಂಪು ಚಟ್ನಿ. ಒಳಗಿನ ಅಂಗಡಿಯಲ್ಲಿ ಬಿಸಿನೀರು ಹುಯ್ದು ಕೊಡುವ ಕಪ್ ನೂಡಲ್ಸ್ ಸಿಗುತ್ತದೆ. ಟಿವಿಯಲ್ಲಿ ಹಾಡು ಜೋರಾಗಿರುತ್ತದೆ, ಸಿಗರೇಟಿನ ಹೊಗೆಯೂ ಇರುತ್ತದೆ. ಗಾಳಿ ಬೇಕಿದ್ದವರು ಹೊರಗಿನ ಬೆಂಚು ಹಿಡಿಯಿರಿ. ಹೊಟ್ಟೆ ತೊಳಸುವವರು ಹತ್ತುವ ಅರ್ಧ ಗಂಟೆ ಮೊದಲೇ ಮಾತ್ರೆ ನುಂಗಿ. ಆಂಟಿಮೊ ಅನ್ನುವುದು ಅಲ್ಲಿನ ಸಣ್ಣ ಅಂಗಡಿಗಳಲ್ಲೂ ಇರುತ್ತದೆ. ತಿಂದರೆ ನಿದ್ದೆ ಬರುತ್ತದೆ.

ಈ ಜಲಸಂಧಿ ದಾಟುವಾಗ ಎದ್ದು ಹೊರಗೆ ನೋಡಿ. 1856ರಲ್ಲಿ ಪ್ರಾಣಿಶಾಸ್ತ್ರಜ್ಞ ಆಲ್ಫ್ರೆಡ್ ರಸೆಲ್ ವಾಲೇಸ್ ಇದೇ ನೀರು ದಾಟಿದರು. ಬಾಲಿಯಲ್ಲಿ ಕಂಡ ಏಷ್ಯಾದ ಹಕ್ಕಿಗಳು ಲೊಂಬೊಕ್‌ನಲ್ಲಿ ಕಾಣಲಿಲ್ಲ. ಬದಲಿಗೆ ಆಸ್ಟ್ರೇಲಿಯಾ ಕಡೆಯ ಕಾಕಟೂ ಗಿಳಿಗಳಿದ್ದವು. ಇಲ್ಲಿ ಸಮುದ್ರ ತುಂಬಾ ಆಳ. ಹಿಮಯುಗದಲ್ಲಿ ನೀರು ಇಳಿದಾಗಲೂ ಎರಡು ದಡ ಕೂಡಲಿಲ್ಲ, ಹಾಗಾಗಿ ಪ್ರಾಣಿಗಳು ಆಚೆಈಚೆ ಆಗಲಿಲ್ಲ. ಈಗ ಅದನ್ನು ವಾಲೇಸ್ ರೇಖೆ ಅಂತ ಕರೆಯುತ್ತಾರೆ.

ರಾತ್ರಿ ಬಸ್ಸಿನಲ್ಲಿ ಸುಂಬಾವಾ

ಲೆಂಬಾರ್‌ನಿಂದ ಮತರಾಮ್ ನಗರಕ್ಕೆ ಬಾಡಿಗೆ ಕಾರು ಅಥವಾ ಓಜೆಕ್, ಅಂದರೆ ಬಾಡಿಗೆ ಬೈಕು. 3,726 ಮೀಟರ್ ಎತ್ತರದ ರಿಂಜಾನಿ ಹತ್ತುವ ಆಸೆಯಿದ್ದರೆ ಇಲ್ಲೇ ಕೆಲವು ದಿನ ಉಳಿಯಬೇಕು. ಇಲ್ಲದಿದ್ದರೆ ಮಂಡಾಲಿಕಾ ಬಸ್ ನಿಲ್ದಾಣದಿಂದ ಸುಂಬಾವಾದ ಬೀಮಾ ಊರಿಗೆ ರಾತ್ರಿ ಬಸ್ಸು ಹಿಡಿಯಿರಿ. ಲೊಂಬೊಕ್‌ನ ಕಯಾಂಗನ್‌ನಿಂದ ಸುಂಬಾವಾದ ಪೋಟೊ ತಾನೊಗೆ ದಾಟುವ ಫೆರ್ರಿಯ ಹಣ ಟಿಕೆಟ್‌ನಲ್ಲೇ ಸೇರಿರುತ್ತದೆಯೇ ಅಂತ ಕೇಳಿಕೊಳ್ಳಿ. ಸಾಮಾನ್ಯವಾಗಿ ಸೇರಿರುತ್ತದೆ. ಬಸ್ಸು ಹಾಗೇ ಹಡಗಿನೊಳಗೆ ಹೋಗುತ್ತದೆ. ನೀವು ಇಳಿದು ಮೇಲೆ ಹೋಗಿ. ಬಸ್ಸಿನ ನಂಬರನ್ನು ಫೋಟೊ ತೆಗೆದುಕೊಳ್ಳುವುದು ಮರೆಯಬೇಡಿ, ಕತ್ತಲಲ್ಲಿ ಎಲ್ಲ ಬಸ್ಸೂ ಒಂದೇ ಥರ ಕಾಣುತ್ತವೆ. ಎಸಿ ಜೋರು, ಒಂದು ಶಾಲು ಕೈಗೆ ಸಿಗುವ ಹಾಗಿರಲಿ.

ಸುಂಬಾವಾವನ್ನು ಹೀಗೆ ರಾತ್ರಿಯಲ್ಲಿ ದಾಟಿಬಿಡುವವರೇ ಬಹಳ. ಸಮಯ ಇದ್ದವರು ನಿಲ್ಲಬೇಕು. 1815ರಲ್ಲಿ ಸಿಡಿದ ತಂಬೋರಾ ಜ್ವಾಲಾಮುಖಿ ಈ ದ್ವೀಪದಲ್ಲೇ ಇದೆ. ಅದು ಉಗುಳಿದ ಗಂಧಕದ ಅನಿಲದಿಂದಾಗಿ ಮರುವರ್ಷ ಯೂರೋಪ್, ಅಮೆರಿಕಗಳಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹಾಳಾಯಿತು.

ಬೀಮಾದಿಂದ ಸಾಪೆ ಬಂದರಿಗೆ ಮಿನಿಬಸ್ಸಿನಲ್ಲಿ ಸುಮಾರು ಎರಡು ಗಂಟೆ. ಇಡೀ ದಾರಿಯಲ್ಲಿ ಕಾಯಿಸುವ ಜಾಗ ಇದೇ. ಸಾಪೆಯಿಂದ ಫ್ಲೋರೆಸ್‌ನ ಲಬುವಾನ್ ಬಾಜೊಗೆ ಫೆರ್ರಿಗಳು ಕಡಿಮೆ, ಪ್ರಯಾಣ ಆರರಿಂದ ಎಂಟು ಗಂಟೆ. ನಾಳೆ ಹಡಗು ಇದೆಯೇ ಅಂತ ಹಿಂದಿನ ದಿನವೇ ಬಂದರಿನಲ್ಲಿ ವಿಚಾರಿಸಿ. ಗಂಡಸರನ್ನು ‘ಪಾಕ್’, ಹೆಂಗಸರನ್ನು ‘ಇಬು’ ಅಂತ ಕರೆದು ಮಾತು ಶುರು ಮಾಡಿದರೆ ಯಾರೂ ಮುಖ ತಿರುಗಿಸುವುದಿಲ್ಲ.

ಫ್ಲೋರೆಸ್‌ನ ರಸ್ತೆ

ಲಬುವಾನ್ ಬಾಜೊ ಈಗ ಪ್ರವಾಸಿಗರ ಊರು. ಕೊಮೊಡೊ ರಾಷ್ಟ್ರೀಯ ಉದ್ಯಾನಕ್ಕೆ ದೋಣಿ ಹೊರಡುವುದು ಇಲ್ಲಿಂದಲೇ. ಉಡದ ಜಾತಿಯಲ್ಲೇ ಅತಿ ದೊಡ್ಡದಾದ ಕೊಮೊಡೊವನ್ನು ರೇಂಜರ್ ಜೊತೆಯಲ್ಲಿದ್ದರಷ್ಟೇ ನೋಡಲು ಬಿಡುತ್ತಾರೆ. ದೋಣಿ ಆರಿಸುವಾಗ ಬೆಲೆ ಕೇಳುವುದಕ್ಕೆ ಮೊದಲು ದೋಣಿ ತೋರಿಸಿ ಅನ್ನಿ. ಲೈಫ್ ಜಾಕೆಟ್ ಎಷ್ಟಿವೆ, ರೇಡಿಯೊ ಕೆಲಸ ಮಾಡುತ್ತದೆಯೇ, ರಾತ್ರಿ ಎಲ್ಲಿ ಲಂಗರು ಹಾಕುತ್ತಾರೆ ಅಂತ ಕೇಳಿ. ಈ ನೀರಿನ ಸೆಳೆತ ಬಲು ಜೋರು, ದೋಣಿ ಮುಳುಗಿದ್ದೂ ಇದೆ. ಸರಿಯಾಗಿ ಉತ್ತರ ಕೊಡದವರ ದೋಣಿ ಬೇಡ.

ಇಲ್ಲಿಂದ ಪೂರ್ವಕ್ಕೆ ಒಂದೇ ಹೆದ್ದಾರಿ. ರುತೆಂಗ್, ಬಜಾವಾ, ಎಂಡೆ, ಮೋನಿ, ಮೌಮೆರೆ, ಇದೇ ಕ್ರಮದಲ್ಲಿ ಊರುಗಳು ಬರುತ್ತವೆ. ರಸ್ತೆ ಚೆನ್ನಾಗಿದೆ, ಆದರೆ ಆಗುಂಬೆ ಘಾಟಿಯನ್ನು ದಿನವಿಡೀ ಹತ್ತಿಳಿದ ಹಾಗಿರುತ್ತದೆ. ರುತೆಂಗ್‌ಗೆ ಸುಮಾರು 130 ಕಿಲೋಮೀಟರ್, ಹಿಡಿಯುವುದು ನಾಲ್ಕು ಗಂಟೆ. ಬಸ್ಸಿಗಿಂತ ‘ಟ್ರಾವೆಲ್’ ಎನ್ನುವ ಶೇರ್ ಕಾರುಗಳು ಅನುಕೂಲ. ಹಿಂದಿನ ರಾತ್ರಿ ಲಾಡ್ಜ್‌ನವರಿಗೆ ಹೇಳಿದರೆ ಬೆಳಗ್ಗೆ ಬಾಗಿಲಿಗೇ ಬರುತ್ತವೆ. ದಿನಕ್ಕೆ ಒಂದು ಊರಿಗಿಂತ ಜಾಸ್ತಿ ಬೇಡ.

ರುತೆಂಗ್ ಬಳಿಯ ಲಿಯಾಂಗ್ ಬುವಾ ಗುಹೆಯಲ್ಲಿ 2003ರಲ್ಲಿ ಒಂದು ಮೀಟರಿಗಿಂತ ಸ್ವಲ್ಪ ಎತ್ತರವಿದ್ದ, ಬೇರೆಯೇ ಜಾತಿಯ ಮಾನವರ ಮೂಳೆಗಳು ಸಿಕ್ಕವು. ಹತ್ತಿರದ ಚಂಚಾರ್‌ನಲ್ಲಿ ಜೇಡರ ಬಲೆಯ ಆಕಾರದ ಭತ್ತದ ಗದ್ದೆಗಳಿವೆ. ಎದುರಿನ ಗುಡ್ಡ ಹತ್ತಿ ನೋಡಬೇಕು. ಎಂಡೆಯಲ್ಲಿ, ಮುಂದೆ ಇಂಡೊನೇಷ್ಯಾದ ಮೊದಲ ಅಧ್ಯಕ್ಷರಾದ ಸುಕರ್ಣೊ ಅವರನ್ನು ಡಚ್ಚರು 1934ರಿಂದ 1938ರವರೆಗೆ ಗಡೀಪಾರು ಮಾಡಿ ಇಟ್ಟಿದ್ದ ಮನೆ ಇದೆ.

ಮೋನಿಯಲ್ಲಿ ಮಾತ್ರ ಎರಡು ರಾತ್ರಿ ಇರಿ. 1,639 ಮೀಟರ್ ಎತ್ತರದ ಕೆಲಿಮುತು ಬೆಟ್ಟದ ಮೇಲೆ ಮೂರು ಕೆರೆಗಳಿವೆ, ಮೂರಕ್ಕೂ ಬೇರೆ ಬೇರೆ ಬಣ್ಣ. ಒಳಗಿನ ಜ್ವಾಲಾಮುಖಿಯ ಅನಿಲ, ಖನಿಜಗಳಿಂದಾಗಿ ಆ ಬಣ್ಣವೂ ಬದಲಾಗುತ್ತಿರುತ್ತದೆ. ಸತ್ತವರ ಆತ್ಮಗಳು ಇಲ್ಲಿಗೆ ಬರುತ್ತವೆ ಅಂತ ಅಲ್ಲಿನ ಲಿಯೋ ಜನ ನಂಬುತ್ತಾರೆ. ವಯಸ್ಸಾದವರಿಗೆ ಒಂದು ಕೆರೆ, ಎಳೆಯರಿಗೆ ಒಂದು, ಕೆಡುಕು ಮಾಡಿದವರಿಗೆ ಇನ್ನೊಂದು. ನಸುಕಿನಲ್ಲೇ ಓಜೆಕ್ ಹಿಡಿದು ಹೊರಡಿ, ಬಿಸಿಲೇರಿದ ಮೇಲೆ ಮೋಡ ಮುಚ್ಚಿಕೊಳ್ಳುತ್ತದೆ. ಸ್ವೆಟರ್ ಬೇಕೇ ಬೇಕು. ಮೊದಲ ದಿನ ಮೋಡ ಕವಿದರೆ ಎರಡನೇ ದಿನ ಇನ್ನೊಂದು ಅವಕಾಶ ಇರುತ್ತದೆ.

ಊಟ, ದುಡ್ಡು

ಸಸ್ಯಾಹಾರಿಗಳು ಇಲ್ಲಿ ಬದುಕಬಹುದು, ಸ್ವಲ್ಪ ಎಚ್ಚರ ಬೇಕು ಅಷ್ಟೇ. ಸಣ್ಣ ಹೋಟೆಲಿಗೆ ‘ವಾರುಂಗ್’ ಅನ್ನುತ್ತಾರೆ. ಅನ್ನ, ಸೊಪ್ಪಿನ ಪಲ್ಯ, ತೋಫು, ಸೋಯಾ ಕಾಳಿನ ತೆಂಪೆ ಎಲ್ಲ ಕಡೆ ಇರುತ್ತದೆ. ‘ತಂಪಾ ದಾಗಿಂಗ್, ತಂಪಾ ಈಕಾನ್’ ಅಂದರೆ ಮಾಂಸ, ಮೀನು ಬೇಡ ಅಂತ. ಇದರ ಜೊತೆಗೆ ‘ತಂಪಾ ತೆರಾಸಿ’ ಅನ್ನಲೇಬೇಕು. ತೆರಾಸಿ ಅಂದರೆ ಸಿಗಡಿ ಅರೆದು ಹುಳಿಬರಿಸಿದ್ದು, ಚಟ್ನಿಗೆಲ್ಲ ಅದನ್ನೇ ಹಾಕುತ್ತಾರೆ. ಹಪ್ಪಳದಲ್ಲೂ ಸಿಗಡಿ ಇರಬಹುದು. ಚಟ್ನಿಪುಡಿಯ ಒಂದು ಪೊಟ್ಟಣ ಚೀಲದಲ್ಲಿದ್ದರೆ ಬೇರೇನೂ ಬೇಡ.

ಎಟಿಎಂ ದೊಡ್ಡ ಊರುಗಳಲ್ಲಿದೆ. ಮೋನಿಯಂಥ ಹಳ್ಳಿಗೆ ಹೊರಡುವ ಮೊದಲು ಎಂಡೆಯಲ್ಲೇ ನಗದು ತೆಗೆದಿಟ್ಟುಕೊಳ್ಳಿ. ಸಿಮ್ ಟೆಲ್ಕೊಮ್‌ಸೆಲ್‌ದೇ ಆಗಲಿ, ಪೂರ್ವದ ದ್ವೀಪಗಳಲ್ಲಿ ಅದರ ಸಿಗ್ನಲ್ ಚೆನ್ನಾಗಿ ಸಿಗುತ್ತದೆ.

ಮೌಮೆರೆಗೆ ಬಂದರೆ ವಾಪಸಾಗಲು ವಿಮಾನವಿದೆ. ಸಮುದ್ರದ ಮೇಲೇ ಮುಂದುವರಿಯುವ ಆಸೆಯಿದ್ದವರಿಗೆ ಸರ್ಕಾರಿ ಪೆಲ್ನಿ ಹಡಗುಗಳಿವೆ. ಅವು ಒಂದೆರಡು ವಾರಕ್ಕೊಮ್ಮೆ ಬರುತ್ತವೆ, ವೇಳಾಪಟ್ಟಿ ಕಂಪನಿಯ ಆ್ಯಪ್‌ನಲ್ಲಿ ಸಿಗುತ್ತದೆ. ಬಾಲಿಗೆ ಮರಳುವ ವಿಮಾನದ ಟಿಕೆಟನ್ನು ಎಂಡೆ ಮುಟ್ಟಿದ ಮೇಲೆ ತೆಗೆದರೆ ಸಾಕು. ಬಾಲಿಯಿಂದ ಬೆಂಗಳೂರಿನ ವಿಮಾನಕ್ಕೂ ಅದಕ್ಕೂ ನಡುವೆ ಎರಡು ರಾತ್ರಿಯಾದರೂ ಇರಲಿ. ಫ್ಲೋರೆಸ್‌ನ ಜ್ವಾಲಾಮುಖಿಗಳು ಬೂದಿ ಉಗುಳಿದರೆ ವಿಮಾನಗಳು ರದ್ದಾಗುತ್ತವೆ. 2024ರ ನವೆಂಬರ್‌ನಲ್ಲಿ ಲೆವೊಟೊಬಿ ಸಿಡಿದಾಗ ಬಾಲಿಯ ವಿಮಾನಗಳೂ ನಿಂತಿದ್ದವು.