ಮಠದ ಸಾಲಿ ಗೋಡೆ ಖಾಲಿಯಾದ ಕತೆ: ನನ್ನ ಅನುಭವ

ಮೊನ್ನೆ ಪಕ್ಕದ ತಾಲೂಕಿನಿಂದ ಒಬ್ಬ ಹೆಡ್ ಕ್ಲರ್ಕ್ ಫೋನ್ ಮಾಡಿದ್ದರು. ಅವರ ಹೈಸ್ಕೂಲ್ ಗೇಟಿನ ಎರಡೂ ಕಡೆ ಧಿಕ್ಕಾರದ ಬೋರ್ಡು ಕಟ್ಟಿದ್ದಾರಂತೆ. "ನಿಮ್ಮ ಗ್ವಾಡಿ ಹೆಂಗ್ ಖಾಲಿ ಇಟ್ಟೀರಿ ಸರ, ಸ್ವಲ್ಪ ಹೇಳ್ರಲಾ" ಅಂದರು. 2019ರಲ್ಲಿ ನನ್ನ ಐಡಿಯಾ ಕೇಳಿ ಚಹಾ ಉಗುಳುವ ಹಾಗೆ ನಕ್ಕವರು ಇವರೇ. ಹಾಗಾಗಿ ಸ್ವಲ್ಪ ಖುಷಿಯಿಂದಲೇ ಬರೆಯುತ್ತಿದ್ದೇನೆ.

ನಮ್ಮದು ಉತ್ತರ ಕರ್ನಾಟಕದ ಒಂದು ಲಿಂಗಾಯತ ಮಠದ ಹೈಸ್ಕೂಲು. ಜೊತೆಗೆ ಹಾಸ್ಟೆಲ್ಲು, ದಾಸೋಹ. ಗೋಡೆ ಮೇನ್ ರೋಡಿಗೆ ಮುಖ ಮಾಡಿದೆ, ಉದ್ದ ಒಂದು 70 ಮೀಟರ್ ಇರಬಹುದು. ಇಂಥ ಗೋಡೆ ಇದ್ದವರಿಗೆ ಮುಂದಿನದ್ದು ಹೇಳಬೇಕಿಲ್ಲ. ಮಹದಾಯಿ, ಬಂದ್, ಬೆಲೆ ಏರಿಕೆ, ಮೀಸಲಾತಿ, ಯಾರದ್ದೇ ಹೋರಾಟ ಇರಲಿ, ಮೊದಲ ಬೋರ್ಡು ನಮ್ಮ ಗೋಡೆಗೇ.

ನಿಜವಾದ ತಲೆನೋವು ಶುರುವಾಗಿದ್ದು 2017ರಲ್ಲಿ. ಲಿಂಗಾಯತ ಪ್ರತ್ಯೇಕ ಧರ್ಮದ ಹೋರಾಟ ಜೋರಾದ ವರ್ಷ ಅದು. ಜುಲೈನಲ್ಲಿ ಬೀದರ್‌ನಲ್ಲಿ ದೊಡ್ಡ ಸಮಾವೇಶ ಆಯಿತಲ್ಲ, ಅದರ ನಂತರ ನಮ್ಮೂರಲ್ಲೂ ಎರಡು ಗುಂಪಾದವು. ಪ್ರತ್ಯೇಕ ಬೇಕು ಅನ್ನುವವರು ಗೇಟಿನ ಎಡಕ್ಕೆ ಕಟ್ಟಿದರು. ವೀರಶೈವ ಬೇರೆ ಅಲ್ಲ ಅನ್ನುವವರು ಬಲಕ್ಕೆ ಕಟ್ಟಿದರು. ನಡುವೆ ನಮ್ಮ ಹುಡುಗರು ಸೈಕಲ್ ತಳ್ಳಿಕೊಂಡು ಒಳಗೆ ಬರಬೇಕು. 2018ರ ಮಾರ್ಚ್ 19ಕ್ಕೆ ರಾಜ್ಯ ಸಂಪುಟ ಪ್ರತ್ಯೇಕ ಧರ್ಮದ ಮಾನ್ಯತೆ ಕೊಡಬಹುದು ಅಂದಿದ್ದ ನಾಗಮೋಹನ್ ದಾಸ್ ಸಮಿತಿಯ ವರದಿ ಒಪ್ಪಿತು. ಆ ವಾರ ಗೋಡೆಯ ಸುಣ್ಣವೇ ಕಾಣಲಿಲ್ಲ.

ನಾನು ಮಾಡಿದ ಮೊದಲ ತಪ್ಪು ಎಲ್ಲರೂ ಮಾಡುವುದೇ. ರಾತ್ರಿ ವಾಚಮನ್‌ನನ್ನು ಕರೆದುಕೊಂಡು ಹೋಗಿ ಹರಿದು ಹಾಕಿದೆ. ಎಡಗಡೆಯದ್ದು ಪೂರ್ತಿ ಹರಿದಿದ್ದೆವು, ಬಲಗಡೆ ಹೋಗುವಷ್ಟರಲ್ಲಿ ಮಳೆ ಬಂತು. ಬೆಳಿಗ್ಗೆ ಎಂಟಕ್ಕೆ ಗೇಟಿನ ಮುಂದೆ ಮೂವತ್ತು ಮಂದಿ. "ಅಜ್ಜಾರು ಆ ಕಡಿಗಿ ಅದಾರೇನ್ರಿ?" ಅಂದರು. ಅಜ್ಜಾರು ಅಂದರೆ ನಮ್ಮ ಮಠದ ಸ್ವಾಮಿಗಳು. ನಾನು ಕೈ ಮುಗಿದು, ಮಳೆಯ ಕತೆ ಹೇಳಿದೆ. ಯಾರೂ ನಂಬಲಿಲ್ಲ. ಹರಿದ ಬೋರ್ಡಿನ ಖರ್ಚು ನಾನೇ ಕೊಟ್ಟೆ, ಎಂಟುನೂರೋ ಒಂಬೈನೂರೋ.

ಎರಡನೇ ತಪ್ಪು: "ಇಲ್ಲಿ ಭಿತ್ತಿಪತ್ರ ಅಂಟಿಸಬಾರದು" ಅಂತ ಬರೆಸಿದ್ದು. ಮರುದಿನ ಆ ಅಕ್ಷರದ ಮೇಲೇ ಪೋಸ್ಟರ್ ಕೂತಿತ್ತು. ಹಿನ್ನೆಲೆ ನುಣ್ಣಗಿತ್ತಲ್ಲ, ಮೈದಾ ಅಂಟು ಚೆನ್ನಾಗಿ ಹಿಡಿದಿತ್ತು.

ಮೂರನೆಯದು ಅರ್ಜಿ. ಠಾಣೆಯವರು ಪುರಸಭೆಗೆ ಕೊಡ್ರಿ ಅಂದರು. ಪುರಸಭೆಯವರು ರಸ್ತೆ ನಮ್ಮದಲ್ಲ, ಪಿಡಬ್ಲ್ಯುಡಿ ಅಂದರು. ಪಿಡಬ್ಲ್ಯುಡಿಯವರು ಗ್ವಾಡಿ ನಿಮ್ಮದಲ್ಲೇನ್ರಿ ಅಂದರು. ಬಯಲು ಜಾಗಗಳ ಅಂದ ಕೆಡಿಸುವುದನ್ನು ತಡೆಯುವ ಕಾಯ್ದೆ 1981ರಿಂದಲೇ ಇದೆ, ಆರು ತಿಂಗಳ ತನಕ ಜೈಲು ಇಲ್ಲವೇ ಸಾವಿರ ರೂಪಾಯಿ ತನಕ ದಂಡ. ಅದರ ಪ್ರತಿ ಹಿಡಿದುಕೊಂಡು ಮೂರು ತಿಂಗಳು ಅಲೆದೆ. ಸಿಕ್ಕಿದ್ದು ಟಪಾಲಿನ ಮುದ್ರೆ ಮೂರು. ಚುನಾವಣೆ ನೀತಿ ಸಂಹಿತೆ ಬಂದಾಗ ಮಾತ್ರ ನೋಡಬೇಕು. ಸರ್ಕಾರಿ ಕಟ್ಟಡದ್ದು 24 ತಾಸಿನಲ್ಲಿ, ಸಾರ್ವಜನಿಕ ಜಾಗದ್ದು 48ರಲ್ಲಿ, ಖಾಸಗಿಯದ್ದು 72ರಲ್ಲಿ ಖಾಲಿ ಆಗಬೇಕು. 2018ರಲ್ಲಿ ಅವರೇ ಟ್ರ್ಯಾಕ್ಟರ್ ತಂದು ಕಿತ್ತರು. ಮೇ 12ಕ್ಕೆ ಮತದಾನ ಮುಗಿಯಿತು, ಫಲಿತಾಂಶದ ಸಂಜೆಗೇ ಗೋಡೆ ಮತ್ತೆ ತುಂಬಿತು.

ನಾಲ್ಕನೆಯದು ಖರ್ಚಿನದ್ದು. ಪೇಂಟರ್ ಕರೆಸಿ ಗೋಡೆ ತುಂಬ ಶರಣರ ವಚನ ಬರೆಸಿದೆ. ಆರೂವರೆ ಸಾವಿರ ಆಯಿತು. ವಚನದ ಮೇಲೆ ಯಾರು ಅಂಟಿಸುತ್ತಾರೆ ಅಂದುಕೊಂಡಿದ್ದೆ. ಅದು ಸರಿಯೇ, ಎರಡು ತಿಂಗಳು ಯಾರೂ ಅಂಟಿಸಲಿಲ್ಲ. ಆದರೆ ಆ ವರ್ಷದ ಗಾಳಿಯಲ್ಲಿ ವಚನ ಬರೆಸಿದ್ದೂ ಒಂದು ಪಕ್ಷ ಹಿಡಿದ ಹಾಗೆ ಆಯಿತು! "ಬರೇ ವಚನ ಯಾಕ ಬರಿಸೀರಿ, ಪಂಚಾಚಾರ್ಯರು ನಿಮಗ ಕಾಣಲಿಲ್ಲೇನು" ಅಂತ ಒಬ್ಬ ಹಿರಿಯರು ಆಫೀಸಿಗೇ ಬಂದು ಕೂತರು. ಪಂಚಾಚಾರ್ಯರು ಅಂದರೆ ವೀರಶೈವರು ಮೂಲ ಗುರುಗಳು ಅನ್ನುವ ಐವರು. ಕೊನೆಗೆ ಅಜ್ಜಾರೇ ಸುಣ್ಣ ಹೊಡೆಸು ಅಂದರು. ದೇವರ ಟೈಲ್ಸ್ ಹಚ್ಚಿ ನೋಡಿ ಅಂತ ಕೆಲವರು ಹೇಳಿದ್ದರು, ಅದನ್ನೂ ಮಾಡಿದೆ. ಮೂತ್ರಕ್ಕೆ ನಿಲ್ಲುವವರು ಬರುವುದು ಬಿಟ್ಟರು. ಪೋಸ್ಟರಿನವರು ಮಾತ್ರ ಎರಡು ಟೈಲ್ಸ್ ನಡುವೆ ಅಳತೆ ಹಿಡಿದು ಅಂಟಿಸಿದರು.

ಇಷ್ಟೆಲ್ಲ ಆದ ಮೇಲೆ ಒಂದು ಮಾತು ತಲೆಗೆ ಹೊಳೆಯಿತು. ನಾನು ಒಂದೂವರೆ ವರ್ಷ ಮುಖಂಡರ ಹತ್ತಿರ ಮಾತಾಡಿದ್ದೆ. ಬೋರ್ಡು ಕಟ್ಟುವವನ ಹತ್ತಿರ ಒಂದು ಸಲವೂ ಮಾತಾಡಿರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಟಂಟಂ ಆಟೋದಲ್ಲಿ ಏಣಿ, ಬೈಂಡಿಂಗ್ ವೈರು, ಕಟಿಂಗ್ ಪ್ಲೇಯರ್ ಹಾಕಿಕೊಂಡು ಇಬ್ಬರು ಹುಡುಗರು ಬರುತ್ತಿದ್ದರು. ಎಲ್ಲ ಪಕ್ಷದ್ದೂ, ಎಲ್ಲ ಸಂಘದ್ದೂ ಅವರೇ ಕಟ್ಟುವುದು. ಒಂದು ದಿನ ಅವರಿಗೆ ಚಹಾ ಕುಡಿಸಿ ಕೇಳಿದೆ, ನಮ್ಮ ಗ್ವಾಡೀನ ಯಾಕಪ್ಪಾ ಅಂತ. ಅವರಲ್ಲಿ ಒಬ್ಬ ಪ್ಲೇಯರ್‌ನಿಂದಲೇ ತೋರಿಸಿದ. "ಇಲ್ಲಿ ನಿಮ್ಮ ಗ್ರಿಲ್ ಐತ್ರಿ, ವೈರ್ ಹಾಕಿ ಎರಡು ಸುತ್ತು ತಿರುವಿದ್ರ ಮುಗೀತು. ಲೈಟ್ ಕಂಬ ಐತಿ, ಬೆಳಕು ಬೀಳ್ತೈತಿ. ಬ್ಯಾರೆ ಕಡೆ ಗಳ ನೆಡಬೇಕ್ರಿ, ತಗ್ಗು ತೋಡಬೇಕು. ಒಂದ್ ಬೋರ್ಡಿಗೆ ನೂರು ರೂಪಾಯಿ ಕೊಡ್ತಾರ, ತಗ್ಗು ತೋಡಿದ್ರ ಏನ್ ಉಳೀತೈತ್ರಿ?"

ನೋಡಿ, ಇಷ್ಟೇ ವಿಷಯ. ಧರ್ಮವೂ ಇಲ್ಲ, ರಾಜಕೀಯವೂ ಇಲ್ಲ. ನಮ್ಮ ಗ್ರಿಲ್ ಅನುಕೂಲ ಇತ್ತು.

ನಾನು ಮಾಡಿದ್ದು ಎರಡು. ನಮ್ಮ ಗೋಡೆಯಲ್ಲಿ ಕಟ್ಟುವುದು ಕಷ್ಟ ಮಾಡಿದೆ. ಬೇರೆ ಕಡೆ ಅದಕ್ಕಿಂತ ಸುಲಭ ಮಾಡಿಕೊಟ್ಟೆ. ಬಸ್ ಸ್ಟಾಪಿನ ಆಚೆ ಮಠದ್ದೇ ಒಂದು ತುಂಡು ಜಾಗ ಇದೆ, ಮೊದಲು ಬಣಿವೆ ಒಟ್ಟುತ್ತಿದ್ದ ಜಾಗ. ಅಲ್ಲಿ ಎರಡು ಚೌಕಟ್ಟು ನಿಲ್ಲಿಸುವುದು, ಯಾರು ಬೇಕಾದರೂ ಕಟ್ಟಲಿ ಅಂತ. ಇದನ್ನು ಹೇಳಿದಾಗಲೇ ಆ ಹೆಡ್ ಕ್ಲರ್ಕ್ ನಕ್ಕಿದ್ದು. ನಮ್ಮ ಹೆಡ್ ಮಾಸ್ತರರೂ "ಜಾಗ ಕೊಟ್ರ ತಲಿ ಮ್ಯಾಲ ಕುಂದ್ರತಾರ" ಅಂದರು. ಅಜ್ಜಾರು ಮಾತ್ರ, "ಹೋರಾಟ ಮಾಡೋರು ಯಾರು, ನಮ್ಮ ಸಾಲಿ ಹುಡುಗರ ಅಪ್ಪಂದಿರ ಅಲ್ಲೇನು, ಕಟ್ಟಲಿ ಬಿಡು" ಅಂದರು. ಪುರಸಭೆಗೆ ಪತ್ರ ಕೊಟ್ಟೆ. ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾಲ್ಕನೇ ಮುದ್ರೆ ಸಿಕ್ಕಿತು.

ಜಾಗ ಆರಿಸುವಾಗ ಒಂದು ಲೆಕ್ಕ ಇತ್ತು. ಬೋರ್ಡು ಎಲ್ಲಿರುತ್ತದೋ ಜನ ಅಲ್ಲೇ ಸೇರುತ್ತಾರೆ, ಮೈಕೂ ಅಲ್ಲೇ ಬರುತ್ತದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ಸಾಲಿ, ಆಸ್ಪತ್ರೆಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರ್ಕಾರ ಶಾಂತ ವಲಯ ಅಂತ ಘೋಷಿಸಬಹುದು. ಬಾವಿ ಹಗ್ಗ ಹಿಡಿದು ನಾನೂ ಪೀಟಿ ಮಾಸ್ತರರೂ ಅಳೆದೆವು. ಚೌಕಟ್ಟು 120 ಮೀಟರ್ ಹತ್ತಿರ ಬಂತು. ಭಾಷಣದ ಕಾಟ ಅರ್ಧಕ್ಕರ್ಧ ಕಡಿಮೆಯಾಗಿದ್ದು ಇದರಿಂದ, ಅರ್ಜಿಯಿಂದ ಅಲ್ಲ.

ಮೊದಲ ಚೌಕಟ್ಟು ಬಿದಿರಿನ ಗಳದ್ದು. ದುಡ್ಡು ಉಳಿಸೋಣ ಅಂತ 1,800 ರೂಪಾಯಲ್ಲಿ ಮುಗಿಸಿದೆ. ಜೂನ್ ಗಾಳಿಗೆ ಮೂರನೇ ದಿನ ಚಹಾ ಅಂಗಡಿಯ ಒಲೆ ಮೇಲೆ ಬಿತ್ತು. ಹಾಲಿನ ಪಾತ್ರೆ, ಗಾಜಿನ ಬರಣಿ, ಎಲ್ಲ ಸೇರಿ 1,200 ದಂಡ. ಆಮೇಲೆ ನಮ್ಮ ಹಳೇ ವಿದ್ಯಾರ್ಥಿ ಒಬ್ಬನ ವೆಲ್ಡಿಂಗ್ ಅಂಗಡಿಗೆ ಹೋದೆ. ಕಬ್ಬಿಣದ ಆಂಗಲ್ಲು, ಹತ್ತು ಅಡಿಗೆ ಎಂಟು ಅಡಿ, ಕಾಲಿಗೆ ಎರಡೂವರೆ ಅಡಿ ಕಾಂಕ್ರೀಟು. ಅವನು ಕೂಲಿ ತೆಗೆದುಕೊಳ್ಳಲಿಲ್ಲ, ಸಾಮಾನಿಗೇ 11 ಸಾವಿರ ಹೋಯಿತು. ಸುತ್ತಲೂ ಕೊಕ್ಕೆ ಇಡಿಸಿದೆ. ಬೋರ್ಡಿನಲ್ಲಿ ಅಲ್ಲಲ್ಲಿ ಅರ್ಧಚಂದ್ರದ ಹಾಗೆ ಕೊಯ್ದು ಗಾಳಿಗೆ ದಾರಿ ಬಿಡಬೇಕು ಅಂತ ಹುಡುಗರೇ ಹೇಳಿಕೊಟ್ಟರು. ಕೊಕ್ಕೆಗೆ ಸಿಕ್ಕಿಸಿದರೆ ಕೆಲಸ ಐದು ನಿಮಿಷ, ಏಣಿಯೂ ಬೇಡ. ನೂರು ರೂಪಾಯಿ ಮಾತ್ರ ಅಷ್ಟೇ. ಅವರು ನಮ್ಮ ಗೋಡೆ ಕಡೆ ಮತ್ತೆ ಏಕೆ ಬರುತ್ತಾರೆ?

ಗೋಡೆಯಲ್ಲಿ ಗ್ರಿಲ್ಲಿನ ಸಂದಿಗೆ ತಗಡು ಬಡಿಸಿದೆ. ಸುಣ್ಣಕ್ಕೆ ಒಂದು ವಸ್ತು ಕಲಸಿ ಹೊಡೆಸಿದೆ. ಅಂಟು ಒಣಗುತ್ತಲೇ ಪೋಸ್ಟರ್ ಹಪ್ಪಳದ ಹಾಗೆ ಏಳುತ್ತದೆ. ಅದು ಏನು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಅಂಟಿಸುವವರೂ ಓದುತ್ತಾರೆ, ಅಲ್ವಾ? ಅಡುಗೆಮನೆಯಲ್ಲಿ ಸಿಗುತ್ತದೆ ಅಂತಷ್ಟೇ ಹೇಳುತ್ತೇನೆ.

ನಿಯಮ ಒಂದು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದಿಟ್ಟೆ. ಎಂಟು ದಿನ ಮಾತ್ರ. ಮೊದಲು ಬಂದವರಿಗೆ ಮೊದಲು. ಅಜ್ಜಾರ ಫೋಟೋ ಹಾಕುವಂತಿಲ್ಲ. ಅವ್ವ ಅಪ್ಪನ ಬೈಗುಳ ಇರಬಾರದು. ಬಟ್ಟೆಯ ಬ್ಯಾನರ್ ಮಾತ್ರ ಅಂತಲೂ ಬರೆದಿದ್ದೆ, ಏಕೆಂದರೆ ಫ್ಲೆಕ್ಸ್ 2016ರ ಮಾರ್ಚ್‌ನಿಂದಲೇ ರಾಜ್ಯದಲ್ಲಿ ನಿಷೇಧ. ಈ ಒಂದು ನಿಯಮ ಮೂರು ವಾರ ನಡೆಯಿತು. ಆಮೇಲೆ ಫ್ಲೆಕ್ಸೇ ಬಂತು, ನಾನೂ ಕಂಡೂ ಕಾಣದ ಹಾಗೆ ಇದ್ದೆ. ಸುಳ್ಳು ಯಾಕೆ ಹೇಳಲಿ. ಅವಧಿ ಮುಗಿದ ಬೋರ್ಡಿನ ರೀಪು ಕಟ್ಟುವ ಹುಡುಗರಿಗೆ, ಹಾಳೆ ಬಣಿವೆ ಮುಚ್ಚಲು ರೈತರಿಗೆ. ಒಂಬತ್ತನೇ ದಿನ ಬೆಳಿಗ್ಗೆ ರೈತರೇ ಬಂದು ನಿಂತಿರುತ್ತಾರೆ, ಕೀಳಿಸುವ ಕೂಲಿ ಉಳಿಯಿತು.

ಇನ್ನು ನಾನು ಎಣಿಸದೇ ಇದ್ದ ಲಾಭ. ನಮ್ಮ ಕನ್ನಡ ಮಾಸ್ತರರು ಒಂದು ಆಟ ಶುರು ಮಾಡಿದರು. ಎಂಟನೇ ತರಗತಿಯವರು ಬಸ್ ಇಳಿದು ಬರುವಾಗ ಚೌಕಟ್ಟಿನಲ್ಲಿ ಮೂರು ತಪ್ಪು ಹುಡುಕಿ ಬರಬೇಕು. ಅರ್ಥದ ತಪ್ಪಲ್ಲ, ಅಕ್ಷರದ್ದು. ನಮ್ಮ ಕಡೆ ಅಲ್ಪಪ್ರಾಣ ಮಹಾಪ್ರಾಣದ ಜಗಳ ಗೊತ್ತಲ್ಲ. 'ದಿಕ್ಕಾರ' ಅಂತ ಬರೆದರೆ ಒಂದು, 'ಬ್ರಷ್ಟ' ಅಂದರೆ ಎರಡು, 'ಘರ್ಜನೆ' ಅಂದರೆ ಮೂರು. ಹುಡುಗರು ಬೋರ್ಡಿನ ಕೆಳಗೆ ನಿಂತು ಜೋರಾಗಿ ಓದಿ ನಗತೊಡಗಿದರು. ಧಿಕ್ಕಾರ ಕೂಗಿಸಿಕೊಂಡ ಪಕ್ಷದವರಿಗೂ ಅದು ಖುಷಿಯೇ. ಒಂದು ವಾರಕ್ಕೆ ಸಂಘದ ಅಧ್ಯಕ್ಷರೊಬ್ಬರು ಕೆಂಪಗಾಗಿ ಬಂದರು. ಮಾಸ್ತರರು ಕುರ್ಚಿ ಕೊಟ್ಟು, ಕೆಂಪು ಪೆನ್ನು ತೆಗೆದು, ಅವರ ಪ್ರಿಂಟಿನ ಪ್ರತಿಯನ್ನು ತಿದ್ದಿಕೊಟ್ಟರು. ಒಂಬತ್ತು ತಪ್ಪು. ಅಧ್ಯಕ್ಷರು ಸುಮ್ನೆ ಮಡಚಿ ಜೇಬಿಗೆ ಹಾಕಿಕೊಂಡು ಹೋದರು.

ಮುಂದಿನ ಸಲ ಪ್ರಿಂಟಿಗೆ ಮೊದಲೇ ಹುಡುಗನ ಕೈಯಲ್ಲಿ ಚೀಟಿ ಕಳಿಸಿದರು, "ಸರಿಗೆ ತೋರ್ಸಿಕೊಂಡ್ ಬಾ" ಅಂತ. ನೋಡನೋಡುತ್ತಲೇ ಉಳಿದವರೂ ಕಳಿಸತೊಡಗಿದರು. ಈಗ ಊರಿನ ಅರ್ಧ ಹೋರಾಟದ ಬೋರ್ಡುಗಳು ನಮ್ಮ ಸ್ಟಾಫ್ ರೂಮಿನಲ್ಲಿ ತಿದ್ದಿಸಿಕೊಂಡು ಹೋಗುತ್ತವೆ. ಒಂದು ದಿನ ಪರ ವಿರೋಧ ಎರಡೂ ಕಡೆಯ ಚೀಟಿ ಒಂದೇ ಡ್ರಾಯರಿನಲ್ಲಿದ್ದವು. ಮಾಸ್ತರರು ಒಂದಕ್ಕೆ ಇನ್ನೊಂದನ್ನು ಕೊಟ್ಟುಬಿಟ್ಟಿದ್ದರೆ ದೇವರೇ ಗತಿ. ಕೆಟ್ಟ ಮಾತನ್ನು ಮಾಸ್ತರರು ಹೇಗೆ ತೆಗೆಸುತ್ತಾರೆ ಅನ್ನುವುದು ಅವರ ವಿದ್ಯೆ, ನಾನು ಹೇಳಬಾರದು. ವ್ಯಾಕರಣದ ಹೆಸರಿನಲ್ಲಿ ತೆಗೆಸುತ್ತಾರೆ, ಅಷ್ಟು ಸಾಕು.

ಎಲ್ಲ ಸಲ ಸರಿಯಾಯಿತು ಅಂತಲ್ಲ. 2021ರ ಜನವರಿಯಲ್ಲಿ ಕೂಡಲಸಂಗಮದಿಂದ ಪಂಚಮಸಾಲಿಗಳ 2ಎ ಮೀಸಲಾತಿ ಪಾದಯಾತ್ರೆ ಹೊರಟಾಗ ನಮ್ಮ ಎರಡು ಚೌಕಟ್ಟು ಯಾವ ಮೂಲೆಗೂ ಸಾಲಲಿಲ್ಲ, ಗೋಡೆಗೂ ಕಟ್ಟಿದರು. 2022ರ ಫೆಬ್ರವರಿಯಲ್ಲಿ ಹಿಜಾಬ್ ಗಲಾಟೆ. ಸರ್ಕಾರ ಹೈಸ್ಕೂಲುಗಳಿಗೆ ಮೂರು ದಿನ ರಜೆ ಕೊಟ್ಟಿತಲ್ಲ, ಆಗ ನಾನೇ ಎರಡೂ ಚೌಕಟ್ಟಿಗೆ ತಾಡಪತ್ರಿ ಸುತ್ತಿಬಿಟ್ಟೆ. ಯಾರಿಗೂ ಇಲ್ಲ ಅಂದೆ. ಹೆದರಿದೆ ಅಂದರೆ ಹೆದರಿದೆ. 2023ರ ಚುನಾವಣೆ ಹೊತ್ತಿಗೆ ಅಧಿಕಾರಿಗಳು ಚೌಕಟ್ಟನ್ನೇ ಕೀಳಲು ಬಂದಿದ್ದರು. ನೋಟ್‌ಬುಕ್ ತೋರಿಸಿ, ಖಾಲಿ ಇಡುತ್ತೇನೆ ಅಂತ ಬರೆದುಕೊಟ್ಟು ಉಳಿಸಿಕೊಂಡೆ.

ನಿಜವಾದ ಪರೀಕ್ಷೆ ಬಂದಿದ್ದು 2022ರ ಮೇ, ಜೂನ್‌ನಲ್ಲಿ. ಒಂಬತ್ತನೇ ತರಗತಿ ಸಮಾಜ ಪುಸ್ತಕದಲ್ಲಿ ಬಸವಣ್ಣನವರ ಬಗ್ಗೆ ಬರೆದಿದ್ದಕ್ಕೆ ಮಠಗಳೇ ಸಿಟ್ಟಾದವು. ಈಗ ಹೋರಾಟ ನಮ್ಮದೇ! ನಮ್ಮ ಭಕ್ತರೇ ದೊಡ್ಡ ಬೋರ್ಡು ತಂದು ಗೇಟಿಗೆ ಕಟ್ಟುತ್ತೇವೆ ಅಂದರು. ಮಠದ ಸಾಲಿ, ಮಠದ ಗೇಟು, ಬೇಡ ಅನ್ನಲು ನೀನ್ಯಾವನು ಅಂದರು. ಅದೂ ನ್ಯಾಯವೇ. ನಾನು ಅಜ್ಜಾರ ಮುಖ ನೋಡಿದೆ. ಅಜ್ಜಾರು "ಪಾಳಿ ಐತೇನು?" ಅಂತ ಕೇಳಿದರು. ನೋಟ್‌ಬುಕ್ ತೆಗೆದೆ. ಎರಡೂ ಚೌಕಟ್ಟು ಗೊಬ್ಬರದ ಅಂಗಡಿ ವಿರುದ್ಧದ ರೈತರ ಬೋರ್ಡಿನವು, ಇನ್ನೂ ನಾಲ್ಕು ದಿನ ಬಾಕಿ. "ಹಂಗಾರ ನಾಕ್ ದಿನ ತಡೀರಿ" ಅಂದರು. ನಾಲ್ಕು ದಿನ ಆ ಬೋರ್ಡು ದಾಸೋಹದ ಅಕ್ಕಿ ಚೀಲದ ಹಿಂದೆ ಒರಗಿ ನಿಂತಿತ್ತು. ಇದು ಊರೆಲ್ಲ ಗೊತ್ತಾಯಿತು. ಆವತ್ತಿನಿಂದ ನೋಟ್‌ಬುಕ್ಕಿನ ಬಗ್ಗೆ ಯಾರೂ ಜಗಳ ತೆಗೆದಿಲ್ಲ.

ಖರ್ಚು ಕೇಳುತ್ತೀರಿ ಅಂತ ಗೊತ್ತು. ತಪ್ಪಿನದ್ದೂ ಸೇರಿ 22 ಸಾವಿರದ ಆಸುಪಾಸು. ಮೊದಲು ವರ್ಷಕ್ಕೆ ಎರಡು ಸಲ ಬಣ್ಣಕ್ಕೇ ಹನ್ನೆರಡು, ಹದಿಮೂರು ಸಾವಿರ ಹೋಗುತ್ತಿತ್ತು. ಈಗ ಎರಡು ವರ್ಷಕ್ಕೊಮ್ಮೆ ಸುಣ್ಣ. ನೀವು ಮಾಡುವುದಾದರೆ ಆಂಗಲ್ಲಿಗೆ ರೆಡ್ ಆಕ್ಸೈಡ್ ಮರೆಯಬೇಡಿ. ನಾನು ಮರೆತು ಒಂದು ಕಾಲು ತುಕ್ಕು ಹಿಡಿಯಿತು.

ಆ ಕಟ್ಟುವ ಹುಡುಗ ಈಗ ಸ್ವಂತ ಪ್ರಿಂಟಿಂಗ್ ಮಷೀನು ಹಾಕಿದ್ದಾನೆ. ಹೋದ ವಾರ ಬಂದು, "ಸರ, ಆಸ್ಪತ್ರಿ ಕಡೆ ಮೂರನೇದು ಒಂದು ನಿಲ್ಲಸ್ರಿ, ಅರ್ಧ ರೊಕ್ಕ ನಾ ಕೊಡ್ತೀನಿ" ಅಂದ. ಮೊದಲು ಹಗ್ಗ ತಗೊಂಡ್ ಬಾ, ಅಳೆಯೋಣ ಅಂದಿದ್ದೇನೆ.