ನೆಬ್ರಾಸ್ಕಾದಲ್ಲಿ 11 ಗಿಗಾಹರ್ಟ್ಸ್ ಲೈಸೆನ್ಸ್ ಮಾಡಿಸಿದ್ದು: ನನ್ನ ಅನುಭವ

ನಾನು ತಿಪಟೂರು ಕಡೆಯವನು, ಈಗ ಅಮೆರಿಕದ ನೆಬ್ರಾಸ್ಕಾದಲ್ಲಿ ಒಂದು ಸಣ್ಣ ವೈರ್‌ಲೆಸ್ ಇಂಟರ್‌ನೆಟ್ ಕಂಪನೀಲಿ ಕೆಲಸ ಮಾಡ್ತೀನಿ. ಒಟ್ಟು ನಾಲ್ಕು ಜನ ಇದೀವಿ, ಟವರ್ ಹತ್ತೋದು, ಮನೆ ಮೇಲೆ ಡಿಶ್ ಹಾಕೋದು, ಎಫ್‌ಸಿಸಿಗೆ (ರೇಡಿಯೋ ಲೈಸೆನ್ಸ್ ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ) ಅರ್ಜಿ ಹಾಕೋದು ಎಲ್ಲಾ ನಮ್ಮ ಕೈಲೇ. ಲೈಸೆನ್ಸ್ ಕೆಲಸ ನನ್ನ ಪಾಲಿಗೆ ಬಂದಿದ್ದು ಯಾಕಂದ್ರೆ ಮಿಕ್ಕವ್ರಿಗೆ ಯಾರಿಗೂ ಅದು ಇಷ್ಟ ಇರ್ಲಿಲ್ಲ. ಈಗ ನಂಗೆ ಇಡೀ ಕೆಲಸದಲ್ಲಿ ಅದೇ ಇಷ್ಟ.

ಇಲ್ಲಿನ ಊರಲ್ಲಿ ಇಂಟರ್‌ನೆಟ್ ತರೋ ಫೈಬರ್ ಕೇಬಲ್ ಬಂದು ನಿಂತಿರೋದು ವಾಟರ್ ಟವರ್ ಹತ್ರ. ಅಲ್ಲಿಂದ 22 ಕಿಲೋಮೀಟರ್ ದೂರದ ಹಳ್ಳೀಲಿ ಒಂದು ಗ್ರೇನ್ ಎಲಿವೇಟರ್ ಇದೆ, ಅಂದ್ರೆ ರೈತರು ಮೆಕ್ಕೆಜೋಳ, ಸೋಯಾ ತುಂಬಿಡೋ ಎತ್ತರದ ಕಾಂಕ್ರೀಟ್ ಗೋದಾಮು. ಈ ಸಮತಟ್ಟು ನೆಲದಲ್ಲಿ ಅದಕ್ಕಿಂತ ಎತ್ತರದ್ದು ಇನ್ನೇನೂ ಇಲ್ಲ, ಸುತ್ತಲಿನ ಮನೆಗಳಿಗೆಲ್ಲಾ ಅದ್ರ ಮೇಲಿಂದಾನೇ ಇಂಟರ್‌ನೆಟ್ ಕೊಡ್ತಿದ್ವಿ. ವಾಟರ್ ಟವರ್‌ನಿಂದ ಎಲಿವೇಟರ್‌ಗೆ ಇದ್ದ ಲಿಂಕ್, ಅಂದ್ರೆ ಎರಡು ಡಿಶ್ ನಡುವಿನ ರೇಡಿಯೋ ಸಂಪರ್ಕ, 5 ಗಿಗಾಹರ್ಟ್ಸ್ ಫ್ರೀಕ್ವೆನ್ಸಿದು. ಅದಕ್ಕೆ ಲೈಸೆನ್ಸ್ ಬೇಡ, ಯಾರು ಬೇಕಾದ್ರೂ ಹಾಕ್ಬೋದು, ತೊಂದ್ರೆ ಇರೋದೂ ಅಲ್ಲೇ. ಸಂಜೆ ಎಲ್ರ ಮನೆ ವೈಫೈ, ಪಕ್ಕದ ಕಂಪನಿ ರೇಡಿಯೋ ಎಲ್ಲಾ ಒಟ್ಟಿಗೆ ಶುರುವಾದ್ರೆ ನಮ್ಮ ಲಿಂಕ್ ಉಸಿರು ಕಟ್ಟಿದ ಹಾಗೆ ಆಗ್ತಿತ್ತು, ಯಾರ ಹತ್ರ ಹೋಗಿ ಹೇಳೋದು, ಅವ್ರಿಗೂ ನಮ್ಮಷ್ಟೇ ಹಕ್ಕು ಇದೆ.

ಅದಕ್ಕೇ 11 ಗಿಗಾಹರ್ಟ್ಸ್‌ಗೆ ಹೋಗೋಣ ಅಂತ ತೀರ್ಮಾನ ಆಯ್ತು. 10.7ರಿಂದ 11.7 ಗಿಗಾಹರ್ಟ್ಸ್ ಇಲ್ಲಿ ಲೈಸೆನ್ಸ್ ಇರೋ ಬ್ಯಾಂಡ್, ಹರಾಜು ಗಿರಾಜು ಏನಿಲ್ಲ, ಒಂದೊಂದು ಲಿಂಕಿಗೂ ಬೇರೆ ಬೇರೆ ಲೈಸೆನ್ಸ್ ತಗೋಬೇಕು, ತಗೊಂಡ್ಮೇಲೆ ಆ ದಾರಿಗೆ 10 ವರ್ಷ ರಕ್ಷಣೆ. 2012ರಿಂದ 80 ಮೆಗಾಹರ್ಟ್ಸ್ ಅಗಲದ ಚಾನೆಲ್ ಕೂಡ ಕೊಡ್ತಾರೆ, ಇದ್ರಿಂದ ನಮ್ಮಂಥ ಸಣ್ಣ ಕಂಪನಿಗಳಿಗೆ ತುಂಬಾ ಅನುಕೂಲ ಆಗಿದೆ. 2007ರಲ್ಲಿ 2 ಅಡಿ ಡಿಶ್‌ಗೆ ಒಪ್ಪಿಗೆ ಸಿಕ್ಕಿದ್ದೂ ದೊಡ್ಡ ವಿಷಯವೇ, ಯಾಕಂದ್ರೆ ಎಲಿವೇಟರ್ ಮೇಲಿನ ಗಾಳಿಗೆ 4 ಅಡಿ ಡಿಶ್ ಕಟ್ಟಿ ನಿಲ್ಸೋದು ಎಷ್ಟು ಕಷ್ಟ ಅಂತ ಹತ್ತಿದವ್ರಿಗೇ ಗೊತ್ತು.

ಮೊದಲು ಎಫ್‌ಸಿಸಿ ಸೈಟಲ್ಲಿ ಕಂಪನಿ ಹೆಸ್ರಲ್ಲಿ ಒಂದು ರಿಜಿಸ್ಟ್ರೇಶನ್ ನಂಬರ್ ಮಾಡಿಸ್ಕೊಂಡೆ, ಅದು ಸುಲಭ. ಆಮೇಲೆ ಫ್ರೀಕ್ವೆನ್ಸಿ ಕೋಆರ್ಡಿನೇಟರ್ ಅಂತ ಒಬ್ರನ್ನ ಹಿಡೀಬೇಕು. ನಾವು ಎರಡೂ ತುದಿಯ ಅಕ್ಷಾಂಶ ರೇಖಾಂಶ, ಆಂಟೆನಾ ಎತ್ತರ, ಡಿಶ್ ಮಾಡೆಲ್, ಪವರ್ ಇಷ್ಟು ಕೊಟ್ರೆ ಅವ್ರು ಸುತ್ತಮುತ್ತ ಈಗಾಗ್ಲೇ ಲೈಸೆನ್ಸ್ ಇರೋ ಲಿಂಕ್‌ಗಳಿಗೆಲ್ಲಾ ಲೆಕ್ಕ ಹಾಕಿ ಯಾರಿಗೂ ತೊಂದ್ರೆ ಆಗ್ದಿರೋ ಚಾನೆಲ್ ಹುಡುಕ್ತಾರೆ, ಆಮೇಲೆ ಆ ಲೈಸೆನ್ಸ್‌ದಾರರಿಗೆಲ್ಲಾ ಒಂದು ನೋಟಿಸ್ ಹೋಗುತ್ತೆ, ನಾವು ಇಂಥ ಕಡೆ ಇಂಥ ಲಿಂಕ್ ಹಾಕ್ತಿದೀವಿ, ಆಕ್ಷೇಪಣೆ ಇದ್ರೆ ಹೇಳಿ ಅಂತ. ಅವ್ರಿಗೆ 30 ದಿನ ಟೈಮು. ಆಕ್ಷೇಪಣೆ ಬರ್ಲಿಲ್ಲ ಅಂದ್ರೆ ಫಾರಂ 601 ಹಾಕೋದು. ಮೆಚ್ಚಬೇಕಾದ ವಿಷಯ ಏನಂದ್ರೆ, ಅರ್ಜಿ ಹಾಕಿದ್ಮೇಲೆ ಲೈಸೆನ್ಸ್ ಕೈಗೆ ಬರೋ ತನಕ ಕಾಯ್ಬೇಕಾಗಿಲ್ಲ, ಕೆಲವು ಷರತ್ತು ಪೂರೈಸಿದ್ರೆ ಲಿಂಕ್ ಶುರು ಮಾಡ್ಬೋದು. ವಿಮಾನಗಳ ಸುರಕ್ಷತೆಗೋಸ್ಕರ ಟವರ್ ನೋಂದಾಯಿಸ್ಬೇಕಾ ಅಂತ ನೋಡೋಕೆ ಟೋವೇರ್ ಅಂತ ಎಫ್‌ಸಿಸಿದೇ ಒಂದು ಟೂಲ್ ಇದೆ, ಅದ್ರಲ್ಲೂ ನಮ್ಮದು ಪಾಸಾಯ್ತು.

ನಾನು ತಪ್ಪು ಮಾಡಿದ್ದು ಇದಕ್ಕೆಲ್ಲಾ ಮೊದಲೇ, ಸರ್ವೇಲಿ.

ಮಾರ್ಚಲ್ಲಿ ಎಲಿವೇಟರ್ ತುದೀಲಿ ನಿಂತು ದುರ್ಬೀನಲ್ಲಿ ನೋಡಿದ್ದೆ, ವಾಟರ್ ಟವರ್ ಬೆಳ್ಳಗೆ ಕಾಣ್ತಿತ್ತು, ಸರಿ ದಾರಿ ಖಾಲಿ ಇದೆ ಅಂದ್ಕೊಂಡೆ. ಕಣ್ಣಿಗೆ ಕಂಡ್ರೆ ಸಾಲದು ಅಂತ ಗೊತ್ತಿತ್ತು, ರೇಡಿಯೋ ಅಲೆ ದಾರದ ಹಾಗೆ ಹೋಗಲ್ಲ, ನಡುವೆ ಉಬ್ಕೊಂಡು ಹೋಗುತ್ತೆ. 22 ಕಿಲೋಮೀಟರಿಗೆ 11 ಗಿಗಾಹರ್ಟ್ಸ್‌ನಲ್ಲಿ ನಟ್ಟನಡುವೆ ಆ ಉಬ್ಬಿನ ತ್ರಿಜ್ಯ ಸುಮಾರು 12 ಮೀಟರ್, ಅದ್ರಲ್ಲಿ ಶೇಕಡ 60, ಅಂದ್ರೆ 7 ಮೀಟರ್ ಮೇಲೆ ಖಾಲಿ ಇರ್ಲೇಬೇಕು, ಅದ್ರ ಜೊತೆ ಭೂಮಿಯ ಬಾಗು ಅಲ್ಲಿ ಇನ್ನೊಂದು 7 ಮೀಟರ್ ತಿನ್ನುತ್ತೆ. ಈ ಲೆಕ್ಕ ಎಲ್ಲಾ ಹಾಕಿದ್ದೆ. ಆದ್ರೆ ನಾನು ಬಳಸಿದ ನಕ್ಷೇಲಿ ಇದ್ದಿದ್ದು ಬರೀ ನೆಲದ ಎತ್ತರ, ಮರ ಇರ್ಲಿಲ್ಲ. ಎಲಿವೇಟರ್‌ನಿಂದ 3 ಕಿಲೋಮೀಟರ್ ದೂರದಲ್ಲಿ ಒಬ್ಬ ರೈತರು ಗಾಳಿ ತಡೆಯೋಕೆ ಸಾಲಾಗಿ ಮರ ಬೆಳೆಸಿದಾರೆ, ಮಾರ್ಚಲ್ಲಿ ಅದ್ರಲ್ಲಿ ಒಂದು ಎಲೆ ಇಲ್ಲ, ಕೊಂಬೆ ಸಂದಿಯಿಂದ ಆಚೆ ಕಂಡಿದ್ದನ್ನೇ ನಾನು ನಂಬಿಬಿಟ್ಟೆ.

ಜೂನಲ್ಲಿ ಡಿಶ್ ಹಾಕಿ ಅಲೈನ್ ಮಾಡಿದ್ರೆ ಸಿಗ್ನಲ್ ಲೆಕ್ಕಕ್ಕಿಂತ 9 ಡಿಬಿ ಕಮ್ಮಿ, ಅಂದ್ರೆ ಬರ್ಬೇಕಾದ ಶಕ್ತಿಯ ಸುಮಾರು ಎಂಟನೇ ಒಂದು ಪಾಲು ಮಾತ್ರ. ಕೇಬಲ್ ಬದಲಾಯಿಸಿದ್ವಿ, ಎರಡೂ ಕಡೆ ಮತ್ತೆ ಅಲೈನ್ ಮಾಡಿದ್ವಿ, ಎರಡು ದಿನ ಅದ್ರಲ್ಲೇ ಹೋಯ್ತು. ಕೊನೆಗೆ ಗಾಡಿ ತಗೊಂಡು ದಾರಿ ಉದ್ದಕ್ಕೂ ಹೋದೆ, ಆ ಮರದ ಸಾಲು ಹಸಿರು ಗೋಡೆ ಥರ ನಿಂತಿತ್ತು. ಡಿಶ್ 6 ಮೀಟರ್ ಮೇಲಕ್ಕೆ ಹೋಗ್ಬೇಕಿತ್ತು, ಪುಣ್ಯಕ್ಕೆ ಎಲಿವೇಟರ್‌ನಲ್ಲಿ ಜಾಗ ಇತ್ತು. ಮೇಲೆ ಕಟ್ಟೋದು ಅರ್ಧ ದಿನದ ಕೆಲಸ, ಆದ್ರೆ ಎತ್ತರ 3 ಮೀಟರಿಗಿಂತ ಜಾಸ್ತಿ ಹೆಚ್ಚಿದ್ರೆ ಕಾನೂನಲ್ಲಿ ಅದು ದೊಡ್ಡ ಬದಲಾವಣೆ, ಮತ್ತೆ ಕೋಆರ್ಡಿನೇಶನ್, ಮತ್ತೆ ನೋಟಿಸ್, ಮತ್ತೆ 30 ದಿನ. (ಜಾಗದ ಲೆಕ್ಕಕ್ಕೂ ಹೀಗೇ ಮಿತಿ ಇದೆ, ಅಕ್ಷಾಂಶ ಅಥವಾ ರೇಖಾಂಶ 5 ಸೆಕೆಂಡಿಗಿಂತ (ಇದು ಟೈಮಲ್ಲ, ಡಿಗ್ರಿಯ ಸಣ್ಣ ಭಾಗ) ಜಾಸ್ತಿ ಬದಲಾದ್ರೂ ದೊಡ್ಡ ಬದಲಾವಣೆಯೇ, ಅದಕ್ಕೇ ಗೇಟ್ ಹತ್ರ ಗಾಡಿ ನಿಲ್ಸಿ ಫೋನಲ್ಲಿ ಜಿಪಿಎಸ್ ತಗೋಬೇಡಿ, ಡಿಶ್ ಕೂರೋ ಜಾಗದಲ್ಲೇ ನಿಂತು ತಗೊಳ್ಳಿ.) ಹಳ್ಳೀಲಿ ಒಬ್ಬ ಅಜ್ಜಿ ವಾರಕ್ಕೊಮ್ಮೆ ಫೋನ್ ಮಾಡಿ ಮೊಮ್ಮಗನ ಜೊತೆ ವಿಡಿಯೋ ಕಾಲ್ ಮಾಡೋಕೆ ಯಾವಾಗ ಆಗುತ್ತೆ ಅಂತ ಕೇಳೋರು, ಪ್ರತಿ ಸಲ ಉತ್ತರ ಕೊಡುವಾಗ ನಂಗೆ ತುಂಬಾ ಸಂಕಟ ಆಗೋದು.

ಎರಡನೇ ಸಲ ಸರಿಯಾಯ್ತು, ಸಿಗ್ನಲ್ ಲೆಕ್ಕದ ಹತ್ರಾನೇ ಬಂತು. ಲೈಸೆನ್ಸ್ ಸಿಕ್ಕ ದಿನದಿಂದ 18 ತಿಂಗಳೊಳಗೆ ಲಿಂಕ್ ಕಟ್ಟಿ, ಕಟ್ಟಿದೀವಿ ಅಂತ ಎಫ್‌ಸಿಸಿಗೆ ತಿಳಿಸ್ಬೇಕು, ಅದನ್ನ ಮಾಡ್ದಿದ್ರೆ ಲಿಂಕ್ ಓಡ್ತಿದ್ರೂ ಕಾಗದದಲ್ಲಿ ಲೈಸೆನ್ಸ್ ಉಳಿಯಲ್ಲ. ನಾನು ಅವತ್ತೇ ಹಾಕ್ಬಿಟ್ಟೆ.

ಎಲಿವೇಟರ್‌ನಿಂದ 2 ಕಿಲೋಮೀಟರ್ ಒಳಗಿನ ಇನ್ನೊಂದು ಜಾಗಕ್ಕೆ 70/80 ಗಿಗಾಹರ್ಟ್ಸ್ ಹಾಕಿದ್ವಿ. ಅದ್ರ ಪದ್ಧತಿ ಬೇರೆ, ಒಂದೇ ಲೈಸೆನ್ಸ್ ಇಡೀ ದೇಶಕ್ಕೆ, ಆಮೇಲೆ ಒಂದೊಂದು ಲಿಂಕನ್ನೂ ಡೇಟಾಬೇಸ್‌ನಲ್ಲಿ ನೋಂದಾಯಿಸೋದು, ಮೊದಲು ಬಂದವ್ರಿಗೆ ಮೊದಲ ರಕ್ಷಣೆ. ಸರ್ಕಾರಿ ರೇಡಿಯೋಗಳಿಗೆ ಅಡ್ಡಿ ಇಲ್ಲ ಅಂದ್ರೆ ಹಸಿರು ದೀಪ, ಅನುಮಾನ ಇದ್ರೆ ಹಳದಿ, ನಮಗೆ ಹಸಿರು ಬಂತು. ಆದ್ರೆ ಮಳೆ ಮರೀಬೇಡಿ. ಗಂಟೆಗೆ 50 ಮಿಲಿಮೀಟರ್ ಲೆಕ್ಕದಲ್ಲಿ ಸುರಿದ್ರೆ 11 ಗಿಗಾಹರ್ಟ್ಸ್‌ಗೆ ಕಿಲೋಮೀಟರಿಗೆ ಸುಮಾರು 2 ಡಿಬಿ ನಷ್ಟ, 80ಕ್ಕೆ 18ರ ಮೇಲೆ. ನಮ್ಮ ಮಲೆನಾಡಿನ ಆಷಾಢದ ಮಳೆ ನೆನೆಸ್ಕೊಂಡ್ರೆ ಅಲ್ಲಿ ಅದನ್ನ ತುಂಬಾ ಗಿಡ್ಡ ಲಿಂಕಿಗೆ ಮಾತ್ರ ನಂಬ್ಬೋದು.

ತಿಪಟೂರು ಕಡೆ ನಮ್ಮ ಚಿಕ್ಕಪ್ಪನ ಮಗ ಕೇಬಲ್ ಇಂಟರ್‌ನೆಟ್ ನಡೆಸ್ತಾನೆ, "ಅಣ್ಣಾ, ಇಲ್ಲೂ ಹಿಂಗೆ ಮಾಡ್ಬೋದಾ" ಅಂತ ಕೇಳ್ದ. ಇಲ್ಲಿನ ಫಾರಂ ಅಲ್ಲಿ ನಡೆಯಲ್ಲ ಕಣೋ ಅಂದೆ. ಇಂಡಿಯಾದಲ್ಲಿ 2018ರಿಂದ 5 ಗಿಗಾಹರ್ಟ್ಸ್‌ನಲ್ಲಿ 5875 ಮೆಗಾಹರ್ಟ್ಸ್ ತನಕ ದೊಡ್ಡ ಭಾಗಕ್ಕೆ ಫ್ರೀಕ್ವೆನ್ಸಿ ಲೈಸೆನ್ಸ್ ಬೇಡ, ಅದ್ರಲ್ಲೇ ಶುರು ಮಾಡು, ಆದ್ರೆ ತೆಂಗಿನ ಮರದ ಎತ್ತರ ಲೆಕ್ಕಕ್ಕೆ ತಗೋ ಅಂತ ಹೇಳ್ದೆ.

ಈಗ ಬೇರೆಯವ್ರ ನೋಟಿಸ್‌ಗಳು ನಮಗೂ ಬರ್ತವೆ, ನಾವೂ ಲೈಸೆನ್ಸ್‌ದಾರರಲ್ವಾ. ಸುಮಾರು ಜನ ಅದನ್ನ ಓದೋದೇ ಇಲ್ಲ. ನಾನು ಪ್ರತಿಯೊಂದನ್ನೂ ನಕ್ಷೆ ಮೇಲೆ ಹಾಕಿ ನೋಡ್ತೀನಿ. ಹೋದ ತಿಂಗಳು ಬಂದ ಒಂದು ಲಿಂಕ್ ಹೆಚ್ಚು ಕಮ್ಮಿ ನಮ್ಮ ಎಲಿವೇಟರ್ ದಿಕ್ಕಿಗೇ, ನಮ್ಮದೇ ಚಾನೆಲ್‌ನಲ್ಲಿ ಇತ್ತು, ಕೋಆರ್ಡಿನೇಟರ್‌ಗೆ ಬರೆದೆ, ಅವ್ರು ನಾಲ್ಕೇ ದಿನದಲ್ಲಿ ಬೇರೆ ಚಾನೆಲ್ ಹಾಕಿ ತಿದ್ದಿದ ನೋಟಿಸ್ ಕಳ್ಸಿದ್ರು.